ಏಕಾಂತಯ್ಯನವರು ತಂದ ಜಪಾನ್ ಪ್ರಸಾದ

ಅರಸೀಕೆರೆಯ ತೆಂಗು ಬೆಳೆಗಾರರ ಸಂಘದಿಂದ ಒಬ್ಬರನ್ನು ಜಪಾನಿಗೆ ಕಳಿಸಬೇಕೆಂದು ಮೇಲಿನಿಂದ ಕಾಗದ ಬಂದಾಗ ಏಕಾಂತಯ್ಯನವರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವರ ಬಾಯಲ್ಲೇ ಬರಲಿಲ್ಲ. ಸಂಘದಲ್ಲಿ ಹದಿನೆಂಟು ವರ್ಷದಿಂದ ನಿರ್ದೇಶಕರಾಗಿದ್ದ ಅವರು ಅಷ್ಟು ವರ್ಷವೂ ನಿರ್ದೇಶಿಸಿದ್ದು ಕುರ್ಚಿಗಳನ್ನು ಮಾತ್ರ. ಸಭೆಯ ದಿನ ಎಲ್ಲರಿಗಿಂತ ಮೊದಲು ಬಂದು, ಯಾವ ಕುರ್ಚಿ ಯಾವ ಸಾಲಿಗೆ, ಕೈ ಮುರಿದದ್ದು ಯಾರ ಪಾಲಿಗೆ, ಕಾಲು ಅಲ್ಲಾಡುವುದು ಯಾರ ಪಾಲಿಗೆ ಎಂದು ನಿಂತು ಹಾಕಿಸಿ, ಕೊನೆಗೆ ಕಾಲು ಅಲ್ಲಾಡುವುದರಲ್ಲಿ ತಾವೇ ಕೂರುತ್ತಿದ್ದರು. ವೇದಿಕೆಯ ನಡುವೆ ಅಧ್ಯಕ್ಷರ ತಿರುಗುವ ಕುರ್ಚಿಯಿತ್ತು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಅದರ ಧೂಳು ಒರೆಸುವಾಗ ಏಕಾಂತಯ್ಯನವರು ಅತ್ತಿತ್ತ ನೋಡಿ, ಕೈಯಿಂದ ಒಂದು ಸುತ್ತು ತಿರುಗಿಸಿ, ಅದು ತಾನಾಗಿ ನಿಲ್ಲುವವರೆಗೂ ನೋಡುತ್ತಿದ್ದರು. ಅವರ ಐವತ್ತನಾಲ್ಕು ವರ್ಷದ ಬಾಳಿನಲ್ಲಿ ಆಸೆಯೆಂದು ಇದ್ದದ್ದು ಅದೊಂದೇ.

ಜಪಾನಿಗೆ ಹೋಗಲು ಅಧ್ಯಕ್ಷ ಚನ್ನಬಸವಯ್ಯನವರಿಗೂ ಕಣಕಟ್ಟೆಯ ಹುಚ್ಚಣ್ಣನಿಗೂ ಪೈಪೋಟಿ ಬಿದ್ದಿತು. ಮೂರು ಸಭೆಗಳಾದವು. ಮೂರನೆಯದರಲ್ಲಿ ನೀರಿನ ಲೋಟವೊಂದು ಹಾರಿ ಸ್ಥಾಪಕರ ಫೋಟೋದ ಗಾಜು ಒಡೆಯಿತು. ಕಾರ್ಗಿಲ್ ಯುದ್ಧ ಮುಗಿದ ವರ್ಷ ಅದು. ದೇಶದಲ್ಲಿ ಕದನವಿರಾಮವಾದರೂ ಸಂಘದಲ್ಲಿ ಆಗಲಿಲ್ಲವೆಂದು ಸಹಕಾರ ಇಲಾಖೆಯ ಇನ್ಸ್‌ಪೆಕ್ಟರು ಬೇಸರಪಟ್ಟು, ಇಬ್ಬರಿಗೂ ಹೊಟ್ಟೆಯುರಿ ತರಿಸದ ಒಬ್ಬರನ್ನು ಹುಡುಕಿಕೊಳ್ಳಿ ಎಂದರು. ಸಭೆಯೆಲ್ಲ ತಿರುಗಿ ನೋಡಿತು. ಹಿಂದಿನ ಸಾಲಿನಲ್ಲಿ ಏಕಾಂತಯ್ಯನವರು ಬಗ್ಗಿ, ಕುರ್ಚಿಯ ಕಾಲಿನಡಿಗೆ ರಟ್ಟಿನ ಚೂರು ಸಿಕ್ಕಿಸುತ್ತಿದ್ದರು.

"ಇವ್ರು ಹೋದ್ರೆ ಯಾರೂ ಹೋಗ್ದಂಗೇ ಲೆಕ್ಕ, ನಂದೇನೂ ತಕರಾರಿಲ್ಲ" ಎಂದ ಹುಚ್ಚಣ್ಣ. ಚನ್ನಬಸವಯ್ಯನವರೂ ತಲೆಯಾಡಿಸಿದರು. ಯಾರಿಗೂ ಬೇಡದ ಮನುಷ್ಯ ಹೀಗೆ ಎಲ್ಲರಿಗೂ ಬೇಕಾದ.

ಹೆಂಡತಿ ಬಸಮ್ಮ ಚಟ್ನಿಪುಡಿ, ಚಕ್ಕುಲಿ, ಮೂರು ವಿಭೂತಿಗಟ್ಟಿ ಕಟ್ಟಿಕೊಟ್ಟರು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಮಗಳು ಸ್ವಾತಿ, ಕೇಳಿದರೆ ಮಾತ್ರ ಮಾತಾಡುವ ಹುಡುಗಿ, ನಾಲ್ಕು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಅಪ್ಪನ ಜೇಬಿಗಿಟ್ಟಳು. ಪ್ರವಾಸದ ಉದ್ದೇಶ ನಾರು ಬಿಡಿಸುವ ಯಂತ್ರವನ್ನು ನೋಡಿ ಬರುವುದು. ಬೇರೆ ಬೇರೆ ಸಂಘಗಳವರು ಸೇರಿ ಹೋದ ಆ ತಂಡ ಓಡಾಡಿದ ಊರುಗಳಲ್ಲೆಲ್ಲ ಹುಡುಕಿದರೂ ಒಂದು ತೆಂಗಿನ ಮರ ಕಾಣಲಿಲ್ಲ. ಇದ್ದ ಮರಗಳ ಎಲೆಯೆಲ್ಲ ಕೆಂಪಾಗಿದ್ದುದನ್ನು ಕಂಡು ಏಕಾಂತಯ್ಯನವರು ನಮ್ಮ ತೆಂಗಿಗೆ ನುಸಿ ಬಿದ್ದ ಹಾಗೆ ಇವರ ಮರಗಳಿಗೂ ಏನೋ ಬಡಿದಿದೆ ಎಂದು ಮರುಗಿದರು. ಉಳಿದವರೆಲ್ಲ ಅದರ ಫೋಟೋ ತೆಗೆದುಕೊಳ್ಳುತ್ತಿದ್ದರು.

ಒಂಬತ್ತನೆಯ ದಿನ ಗೈಡು ಅವರನ್ನು ಒಂದು ಶಿಂತೋ ಗುಡಿಗೆ ಕರೆದೊಯ್ದ. ಎದುರಿಗೆ ಒಂದು ಬಾಗಿಲು. ಎರಡು ಕಂಬ, ಮೇಲೆ ಎರಡು ಅಡ್ಡತೊಲೆ, ಎಲ್ಲಕ್ಕೂ ಕೆಂಪು ಬಣ್ಣ. ಕದವಿಲ್ಲ, ಚಿಲಕವಿಲ್ಲ, ಆಚೀಚೆ ಗೋಡೆಯೂ ಇಲ್ಲ. ಪಕ್ಕದಿಂದ ದನ ನುಗ್ಗಿದ ಹಾಗೆ ನುಗ್ಗಬಹುದಿತ್ತು. ಆದರೂ ಆ ಜನ ಅದರೊಳಗಿಂದಲೇ, ತಲೆ ಬಾಗಿಸಿಯೇ ಹೋಗುತ್ತಿದ್ದರು. ಒಳಗೆ ಕಲ್ಲಿನ ತೊಟ್ಟಿ, ಬಿದಿರಿನ ಸೌಟು. ಕೈ ತೊಳೆದು, ಬಾಯಿ ಮುಕ್ಕಳಿಸಿ, ಪಕ್ಕಕ್ಕೆ ಉಗುಳಬೇಕೆಂದು ಗೈಡು ಮಾಡಿ ತೋರಿಸಿದ. ಗುಡಿಯ ತೀರ್ಥವನ್ನು ಉಗುಳುವಷ್ಟು ಕೆಟ್ಟ ಸಂಸ್ಕಾರ ತಮ್ಮದಲ್ಲವೆಂದು ಏಕಾಂತಯ್ಯನವರು ಮೂರು ಸಲ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡರು. ಗೈಡು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. ಭಕ್ತಿಯಿಂದ ಇರಬೇಕು.

ಎದೆಯ ಮೇಲೆ ಲಿಂಗ ಕಟ್ಟಿದವರು ಬೇರೆ ದೇವರಿಗೆ ಕೈ ಮುಗಿಯುವುದು ಹೇಗೆಂಬ ಚಿಂತೆ ಅವರಿಗೆ ಮೆಟ್ಟಿಲು ಹತ್ತುವವರೆಗೂ ಇತ್ತು. ಹತ್ತಿ ನೋಡಿದರೆ ಒಳಗೆ ವಿಗ್ರಹವೇ ಇಲ್ಲ. ಒಂದು ದುಂಡನೆಯ ಕನ್ನಡಿ. ಅದರಲ್ಲಿ ತಮ್ಮದೇ ಮುಖ ಮಸುಕಾಗಿ ಕಂಡಿತು. ಅದಕ್ಕೆ ಕೈ ಮುಗಿದರೆ ಯಾವ ಶರಣರೂ ಬೇಡವೆನ್ನಲಾರರೆಂದು ಧೈರ್ಯವಾಗಿ ಮುಗಿದರು.

ಹಿಂದೆ ತೋಟ. ನಮ್ಮ ಬಚ್ಚಲ ಕಲ್ಲಿನಿಂದ ದಿನ ಬೆಳಗಾದರೆ ಕೆರೆದು ತೆಗೆಯುವ ಪಾಚಿಯನ್ನು ಅಲ್ಲಿ ಬೆಳೆಸಿದ್ದರು. ಒಬ್ಬ ಮುದುಕ ಮೊಣಕಾಲೂರಿ ಕೂತು, ಅದರ ಮೇಲೆ ಬಿದ್ದ ಎಲೆಗಳನ್ನು ಮಗುವಿನ ತಲೆ ಬಾಚಿದಷ್ಟು ಮೆತ್ತಗೆ ಗುಡಿಸುತ್ತಿದ್ದ. ಬಿಳಿ ಕಲ್ಲುಪುಡಿ ಹರಡಿ, ಉದ್ದ ಹಲ್ಲುಗಳ ಹಲುಬೆಯಲ್ಲಿ ಗೆರೆ ಎಳೆದು, ಅದರ ಮೇಲೆ ಯಾರೂ ಕಾಲಿಡದ ಹಾಗೆ ಹಗ್ಗ ಕಟ್ಟಿದ್ದರು. ಯಾರೂ ನಡೆಯದ ಅಂಗಳವನ್ನು ಯಾಕೆ ಗುಡಿಸಬೇಕೆಂದು ಏಕಾಂತಯ್ಯನವರಿಗೆ ಅರ್ಥವಾಗಲಿಲ್ಲ. ದೊಡ್ಡ ದೇಶದವರ ಕೆಲಸ ಅರ್ಥವಾಗದಿದ್ದಷ್ಟೂ ಗೌರವ ಹೆಚ್ಚುತ್ತದೆ.

ಅಲ್ಲೇ ಒಂದು ಡಬ್ಬಿ ಅಲ್ಲಾಡಿಸಿ, ಕಡ್ಡಿ ತೆಗೆದು, ಕಡ್ಡಿಯ ಮೇಲಿನ ಗುರುತಿಗೆ ತಕ್ಕ ಚೀಟಿ ಕೊಡುತ್ತಿದ್ದರು. ಏಕಾಂತಯ್ಯನವರಿಗೂ ಒಂದು ಬಂತು. ಗೈಡು ಅದನ್ನು ಓದಿ ಮುಖವರಳಿಸಿ, "ವೆರಿ ಗುಡ್. ಟೇಕ್ ಹೋಮ್" ಎಂದ. ಸ್ವಾತಿ ಬರೆದುಕೊಟ್ಟ ವಾಕ್ಯಗಳಲ್ಲಿ ಇದಿರಲಿಲ್ಲವಾದರೂ ಮನೆಗೆ ಒಯ್ಯಿರಿ ಎಂಬುದು ತಿಳಿಯಿತು. ನೆಟ್ಟಗಿದ್ದ ಆ ಚೀಟಿಯನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ತಿರುಗಿದರೆ, ಪಕ್ಕದಲ್ಲಿ ಸಾಲಾಗಿ ಹಗ್ಗ ಎಳೆದು, ಅಂಥವೇ ನೂರಾರು ಚೀಟಿಗಳನ್ನು ಮಡಿಸಿ, ಗಂಟು ಹಾಕಿ, ದಂಡೆ ಮಲ್ಲಿಗೆಯ ಹಾಗೆ ಕಟ್ಟಿದ್ದರು. ಕಾವಲಿಲ್ಲ. ಹುಂಡಿಯಿಲ್ಲ. ಸಾಲು ನಿಲ್ಲಿಸಿ ಗದರುವವರಿಲ್ಲ. ಕಾಶಿಗೆ ಹೋದವರು ಊರಿಗೆಲ್ಲ ಕಾಶೀದಾರ ತಂದು ಕಟ್ಟುವುದಿಲ್ಲವೇ? ಅಷ್ಟು ದೂರ ಹೋದವನು ಬರಿಗೈಯಲ್ಲಿ ಬಂದರೆ ಅರಸೀಕೆರೆ ಸುಮ್ಮನಿರುತ್ತದೆಯೇ? ಉಳಿದವರು ಕೊಳದ ಕೆಂಪು ಮೀನುಗಳಿಗೆ ಪುರಿ ಹಾಕುತ್ತಿದ್ದಾಗ ಏಕಾಂತಯ್ಯನವರು ಒಂದೊಂದಾಗಿ ಗಂಟು ಬಿಚ್ಚಿ, ಬರುವಷ್ಟನ್ನು ಚಕ್ಕುಲಿಯ ಡಬ್ಬಕ್ಕೆ ತುಂಬಿಕೊಂಡರು. ಮನೆಗೆ ಬಂದು ಎಣಿಸಿದರೆ ನಲವತ್ತಮೂರು.

ಪ್ರಸಾದ ಹಂಚುವುದಕ್ಕೆ ಒಂದು ಕ್ರಮವಿದೆ. ದೊಡ್ಡವರಿಗೆ ಇಡೀ ಕಾಯಿ, ಬೇಕಾದವರಿಗೆ ಹೋಳು, ಬಂದವರಿಗೆ ಚೂರು, ಮನೆಯವರಿಗೆ ಮಿಕ್ಕರೆ ಉಂಟು. ಚೀಟಿಗಳಲ್ಲಿ ಸುಕ್ಕಿಲ್ಲದೆ ನೆಟ್ಟಗಿದ್ದದ್ದು ತಾವೇ ಕಡ್ಡಿ ಎತ್ತಿ ಪಡೆದದ್ದೊಂದೇ. ಅದು ಚನ್ನಬಸವಯ್ಯನವರಿಗೆ ಹೋಯಿತು. ಇದಕ್ಕೆ ಕಾರಣವೂ ಇತ್ತು. ಫೆಬ್ರವರಿಯಲ್ಲಿ ಅಧ್ಯಕ್ಷರ ಚುನಾವಣೆ, ಮೂರು ಸಲ ಆ ಕುರ್ಚಿಯಲ್ಲಿ ಕೂತ ಚನ್ನಬಸವಯ್ಯನವರು ಈ ಸಲ ಬೇರೆಯವರಿಗೆ ಬಿಟ್ಟುಕೊಡುತ್ತೇನೆಂದು ಹೇಳುತ್ತಿದ್ದರು. ಚೀಟಿ ಕಣ್ಣಿಗೊತ್ತಿಕೊಂಡು ಅವರು ಏಕಾಂತಯ್ಯನವರ ಹೆಗಲ ಮೇಲೆ ಕೈಯಿಟ್ಟರು. "ಈ ಸಲ ನೀವೇ ಕಣ್ರೀ. ನಾನಿದ್ದೀನಿ." ಇದೇ ಮಾತನ್ನು ಅದೇ ವಾರ ಅವರು ಹುಚ್ಚಣ್ಣನಿಗೂ ಹೇಳಿದ್ದರೆಂಬುದು ಊರಿಗೆಲ್ಲ ಗೊತ್ತಿತ್ತು. ಏಕಾಂತಯ್ಯನವರು ಊರಿನೊಳಗಿದ್ದರೂ ಊರಿಗೆ ಗೊತ್ತಿದ್ದದ್ದು ಅವರಿಗೆ ಕೊನೆಯಲ್ಲೇ ಗೊತ್ತಾಗುತ್ತಿತ್ತು.

ಸ್ವಲ್ಪ ಸುಕ್ಕಾಗಿದ್ದದ್ದು ಬೆಳ್ಳಿತಟ್ಟೆಯಲ್ಲಿ ಮಠಕ್ಕೆ, ಅದಕ್ಕಿಂತ ಸುಕ್ಕಾದದ್ದು ಇನ್ಸ್‌ಪೆಕ್ಟರಿಗೆ, ಆಮೇಲೆ ನಿರ್ದೇಶಕರಿಗೆ, ಬೀಗರಿಗೆ, ಬೀದಿಯವರಿಗೆ. ಕೊಬ್ಬರಿ ಆರಿಸುವ ಹೆಂಗಸರವರೆಗೆ ಬರುವಾಗ ಒಂದೇ ಉಳಿದಿತ್ತು. ಅದನ್ನು ಎರಡು ತುಂಡು ಮಾಡಿ ಅರ್ಧ ಹನುಮಮ್ಮನಿಗೆ, ಅರ್ಧ ಅವಳ ಜೊತೆಯವಳಿಗೆ ಕೊಟ್ಟರು. ಬಸಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನಂಗೆ?"

"ನೀನೇನು ಹೊರಗಿನೋಳಾ?" ಎಂದರು ಏಕಾಂತಯ್ಯನವರು. ಬಸಮ್ಮ ಚಕ್ಕುಲಿ ಡಬ್ಬ ತೊಳೆಯಲು ಒಳಗೆ ಹೋದರು.

ಆ ಚೀಟಿಗಳು ತಿಂಗಳಲ್ಲಿ ಮಾಡಿದ ಕೆಲಸ ಅಷ್ಟಿಷ್ಟಲ್ಲ. ಹುಚ್ಚಣ್ಣ ತನ್ನದನ್ನು ತೋಟದ ನಡುವಿನ ಮರಕ್ಕೆ ಕಟ್ಟಿದ. ನುಸಿ ಆ ಮರವನ್ನು ಬಿಟ್ಟು ಪಕ್ಕದ ಮರಕ್ಕೆ ಹೋಯಿತೆಂದು ಹೇಳಿಕೊಂಡ. ಪಕ್ಕದ ಮರ ಅವನ ತಮ್ಮನದಾದ್ದರಿಂದ ಅವನ ಸಂತೋಷ ಎರಡಷ್ಟಾಯಿತು. ಇನ್ಸ್‌ಪೆಕ್ಟರಿಗೆ ಬೇಲೂರಿಗೆ ಆಗಲಿದ್ದ ವರ್ಗ ನಿಂತಿತು. ಪಕ್ಕದ ಮನೆಯ ಭಾಗಮ್ಮ ತನ್ನದನ್ನು ತಾಯಿತದಲ್ಲಿ ಹಾಕಿಸಿ ಹಸುವಿನ ಕೊರಳಿಗೆ ಕಟ್ಟಿದಳು. ಹಸು ಹೆಣ್ಣುಗರು ಹಾಕಿತು. ಚನ್ನಬಸವಯ್ಯನವರು ತಮ್ಮದಕ್ಕೆ ಕಟ್ಟು ಹಾಕಿಸಿ, ತಿರುಗುವ ಕುರ್ಚಿಯ ಹಿಂದೆ, ಸ್ಥಾಪಕರ ಒಡೆದ ಫೋಟೋ ಇದ್ದ ಮೊಳೆಗೆ ತಗುಲಿಸಿದರು. ಶಿವಾಲಯದ ಎದುರು, ಬಸ್‌ಸ್ಟ್ಯಾಂಡಿನಲ್ಲಿ, ರೈಲ್ವೆ ಗೇಟಿನಲ್ಲಿ ಜನ ಅವರನ್ನು ಜಪಾನ್ ಏಕಾಂತಯ್ಯ ಎಂದು ನಿಲ್ಲಿಸಿ ಮಾತಾಡಿಸತೊಡಗಿದರು. ಸಂಘದ ಸಭೆಯಲ್ಲಿ ಯಾರೋ ಅವರಿಗಾಗಿ ಒಂದು ಕುರ್ಚಿ ಎಳೆದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರು ಅಲ್ಲಾಡದ ಕುರ್ಚಿಯಲ್ಲಿ ಕೂತದ್ದು. ಅಭ್ಯಾಸವಿಲ್ಲದೆ ಅವರೇ ಅಲ್ಲಾಡಿದರು.

ಗೌರವ ತಲೆಗೇರಿದ ಮೇಲೆ ಮನೆಗೂ ಇಳಿಯಲೇಬೇಕು. ಏಕಾಂತಯ್ಯನವರು ಎರಡು ತೆಂಗಿನ ಮರ ಕಡಿಸಿ, ಮನೆಯೆದುರು ಕಂಬ ನೆಟ್ಟು, ಮೇಲೆ ಅಡ್ಡತೊಲೆ ಹಾಕಿಸಿ, ರೆಡ್ ಆಕ್ಸೈಡ್ ಬಳಿಸಿದರು. ಇದಕ್ಕೆ ಕದವಿಲ್ಲವೆಂದು ಗೊತ್ತಾದ ದಿನವೇ ಬೀದಿಯ ದನಗಳು ಒಳಗೆ ಬಂದು ಬಸಮ್ಮನ ಕನಕಾಂಬರವನ್ನು ಮುಗಿಸಿದವು. ಅಂಗಳಕ್ಕೆ ಜಲ್ಲಿಪುಡಿ ಸುರಿಸಿ, ಕೊಬ್ಬರಿ ಹರಡುವ ಹಲುಬೆಯಲ್ಲಿ ಗೆರೆ ಎಳೆದು, ಇನ್ನು ಮೇಲೆ ಇಲ್ಲಿ ಸಾರಿಸಬಾರದು, ರಂಗೋಲಿ ಇಡಬಾರದು, ನಡೆಯಲೂಬಾರದು ಎಂದು ಅಪ್ಪಣೆಯಾಯಿತು. ಬಚ್ಚಲ ಮೆಟ್ಟಿಲ ಪಾಚಿಯನ್ನು ಕೆರೆಯಕೂಡದೆಂದೂ ಆಯಿತು. ಬಸಮ್ಮ ದಿನಕ್ಕೆರಡು ಸಲ ಅದಕ್ಕೆ ನೀರು ಚಿಮುಕಿಸಬೇಕಿತ್ತು.

"ಮದ್ವೆಯಾದಾಗಿಂದ ಕೆರದು ಕೆರದು ತೆಗ್ದಿದ್ನೆಲ್ಲ ಈಗ ಸಾಕಿ ಬೆಳೆಸು ಅಂತೀರಲ್ಲ" ಎಂದಷ್ಟೇ ಅವರು ಹೇಳಿದ್ದು. ಮಾರನೆಯ ವಾರ ಮಜ್ಜಿಗೆ ಕೇಳಲು ಬಂದ ಭಾಗಮ್ಮ, ಮುಂದೆ ಜಲ್ಲಿಯ ಮೇಲೆ ನಡೆಯಬಾರದೆಂದು ಹಿಂದಿನಿಂದ ಬಂದು, ಆ ಮೆಟ್ಟಿಲ ಮೇಲೆ ಜಾರಿ, ಬಲಗೈ ಮುರಿದುಕೊಂಡಳು. ಜಪಾನ್ ಚೀಟಿ ಇಲ್ಲದಿದ್ದರೆ ಸೊಂಟವೇ ಹೋಗುತ್ತಿತ್ತೆಂದು ಬೀದಿ ತೀರ್ಪು ಕೊಟ್ಟಿತು. ಹಿಟ್ಟಿನಪಟ್ಟಿ ಕಟ್ಟಿಸಿಕೊಂಡ ಭಾಗಮ್ಮನೂ ಅದನ್ನು ನಂಬಿದಳು.

ಚುನಾವಣೆಗೆ ಐದು ದಿನ ಇರುವಾಗ ಹಳೇಬೀಡಿನಿಂದ ಚನ್ನೇಶ ಬಂದ. ಇವನು ಏಕಾಂತಯ್ಯನವರ ಅಕ್ಕನ ಮಗ, ದೇವಸ್ಥಾನದ ಮುಂದೆ ಬಂದವರಿಗೆ ಗೋಡೆಯ ಶಿಲ್ಪಗಳನ್ನು ತೋರಿಸಿ ಕಥೆ ಹೇಳುವವನು. ಯಾವ ಭಾಷೆಯವರು ಬಂದರೂ ಆ ಭಾಷೆಯ ಮೂರು ಮಾತು ಅವನಿಗೆ ಬರುತ್ತಿತ್ತು. ಎರಡು ವಾರದಿಂದ ಒಬ್ಬ ಜಪಾನಿ ಹೆಂಗಸು, ಮಿಚಿಕೊ ಎಂದು, ದಿನಾ ಬೆಳಿಗ್ಗೆ ಮಣೆ ಹಾಕಿಕೊಂಡು ಕೂತು ಗೋಡೆಯ ಆನೆಸಾಲನ್ನು ಒಂದೊಂದಾಗಿ ಬರೆದುಕೊಳ್ಳುತ್ತಿದ್ದಾಳೆಂದೂ, ಮಾವ ಹೂಂ ಅಂದರೆ ಕರೆತರುತ್ತೇನೆಂದೂ ಹೇಳಿದ. ಏಕಾಂತಯ್ಯನವರಿಗೆ ಆ ಗಳಿಗೆಯಲ್ಲಿ ತಿರುಗುವ ಕುರ್ಚಿ ಒಂದು ಸುತ್ತು ತಾನಾಗಿ ತಿರುಗಿದ ಹಾಗೆ ಕಂಡಿತು. ಭಾನುವಾರ ಸಂಘದ ಹಾಲಿನಲ್ಲಿ ಸಭೆ ಸೇರಿಸುವುದು, ಚೀಟಿ ಪಡೆದವರೆಲ್ಲ ತರುವುದು, ಆ ದೇಶದವರೇ ವೇದಿಕೆಯ ಮೇಲೆ ನಿಂತು ಅವುಗಳ ಮಹಿಮೆಯನ್ನು ಓದಿ ಹೇಳುವುದು. ಆಮೇಲೆ ತಮ್ಮ ಹೆಸರನ್ನು ಬಿಟ್ಟು ಬೇರೆ ಹೆಸರು ಎತ್ತುವ ಗಂಡಸು ಯಾರು?

"ಅಪ್ಪಾ, ಮೊದಲು ಮನೇಲಿ ಒಂದನ್ನ ತೋರಿಸಿ ಕೇಳೋಣ" ಎಂದಳು ಸ್ವಾತಿ.

"ಮನೇಲಿ ಎಲ್ಲೈತೆ ಒಂದು" ಎಂದರು ಬಸಮ್ಮ ಒಳಗಿನಿಂದ.

ಭಾನುವಾರ ಹಾಲು ತುಂಬಿತು. ಮಿಚಿಕೊ ಗಿಡ್ಡಗಿನ, ಬಿಳಿಗೂದಲಿನ ಹೆಂಗಸು; ಕಂಡಕಂಡವರಿಗೆಲ್ಲ ಸೊಂಟದಿಂದ ಬಗ್ಗಿ ನಮಸ್ಕರಿಸಿದ್ದರಿಂದ ಬಾಗಿಲಿನಿಂದ ವೇದಿಕೆಗೆ ಬರುವುದಕ್ಕೇ ಕಾಲು ಗಂಟೆ ಹಿಡಿಯಿತು. ಅವಳ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಲು ಸ್ವಾತಿಯನ್ನು ನಿಲ್ಲಿಸಿದರು. ಮೈಕಿನ ಮುಂದೆ ನಿಂತ ಆ ಹುಡುಗಿ ಮೈಕಿಗಿಂತ ತೆಳ್ಳಗೆ ಕಂಡಳು.

ಮೊದಲು ಚನ್ನಬಸವಯ್ಯನವರ ಕಟ್ಟು ಹಾಕಿಸಿದ ಚೀಟಿ. ಮಿಚಿಕೊ ಓದಿ, ಗೈಡು ಅರಳಿಸಿದ ಹಾಗೆಯೇ ಮುಖವರಳಿಸಿದಳು. ಇದು ಎಲ್ಲಕ್ಕಿಂತ ದೊಡ್ಡ ಶುಭವಂತೆ. ಹಿಡಿದ ಕೆಲಸ ಕೈಗೂಡುತ್ತದಂತೆ. ಕೂತ ಜಾಗ ಕದಲುವುದಿಲ್ಲವಂತೆ. ಚಪ್ಪಾಳೆ ಬಿತ್ತು. ಚನ್ನಬಸವಯ್ಯನವರು ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ ಜನರಿಗೆ ಕೈ ಮುಗಿದರು. ಏಕಾಂತಯ್ಯನವರ ಕಣ್ಣಲ್ಲಿ ನೀರು ಬಂತು.

ಎರಡನೆಯದು ಇನ್ಸ್‌ಪೆಕ್ಟರದು. ಮಿಚಿಕೊ ಸುಕ್ಕು ಬಿಡಿಸಿ ನೋಡಿ, ಸ್ವಾತಿಯ ಕಿವಿಯಲ್ಲಿ ಏನೋ ಹೇಳಿದಳು. ಸ್ವಾತಿ ಅಪ್ಪನ ಕಡೆ ನೋಡಿ, ಇದೂ ಚೆನ್ನಾಗಿದೆಯಂತೆ ಎಂದಳು. ಮೂರನೆಯದು ಹುಚ್ಚಣ್ಣನದು. ಇದೂ ಒಳ್ಳೆಯದೇ ಅಂತೆ. ಐದನೆಯದಕ್ಕೆ ಬರುವಷ್ಟರಲ್ಲಿ ಸ್ವಾತಿಯ ದನಿ ಮೈಕಿಗೂ ಕೇಳುತ್ತಿರಲಿಲ್ಲ. ಮಿಚಿಕೊ ಚೀಟಿಗಳನ್ನು ಮುಟ್ಟುವುದನ್ನೇ ಬಿಟ್ಟು, ಕೈ ಕಟ್ಟಿಕೊಂಡು, ನೆಲ ನೋಡುತ್ತ ನಿಂತಳು.

ಕೆಳಗಿನಿಂದ ಹನುಮಮ್ಮ ಎದ್ದಳು. "ಒಳ್ಳೇದು ಒಳ್ಳೇದು ಅಂತೀಯ ಕಣವ್ವ, ಆಯಮ್ಮನ ಮಖ ನೋಡುದ್ರೆ ಸಾವಿನ್ ಮನೇಗೆ ಬಂದಂಗೈತೆ."

ತನ್ನ ಇಂಗ್ಲಿಷಿನ ಬಗ್ಗೆ ಅಭಿಮಾನವಿದ್ದ ಚನ್ನೇಶ ಇನ್ನು ತಡೆಯಲಾರದೆ ವೇದಿಕೆಗೆ ಹತ್ತಿದ. "ಸ್ವಾತಿ, ನೀನು ತಪ್ಪು ಹೇಳ್ತಿದ್ದೀಯ ಕಣೇ. ಅವರು ಬ್ಯಾಡ್ ಅಂದ್ರು. ವೆರಿ ಬ್ಯಾಡ್ ಅಂದ್ರು." ಅಷ್ಟು ಇಂಗ್ಲಿಷು ಅರಸೀಕೆರೆಗೂ ಗೊತ್ತಿತ್ತು.

ಆಮೇಲೆ ಮಿಚಿಕೊ ನಿಧಾನವಾಗಿ ಹೇಳಿದ್ದನ್ನು ಸ್ವಾತಿ ಒಂದಕ್ಷರ ಬಿಡದೆ ಹೇಳಬೇಕಾಯಿತು. ನಮ್ಮಲ್ಲಿ ಶುಭದ ಚೀಟಿ ಬಂದರೆ ಮನೆಗೆ ಒಯ್ಯುತ್ತೇವೆ. ಕೆಟ್ಟದ್ದು ಬಂದರೆ ಗುಡಿಯ ಹಗ್ಗಕ್ಕೋ ಮರಕ್ಕೋ ಕಟ್ಟಿ ಬರುತ್ತೇವೆ, ಕೆಟ್ಟದ್ದು ನಮ್ಮ ಹಿಂದೆ ಬರದೆ ದೇವರ ಹತ್ತಿರವೇ ಉಳಿಯಲಿ ಎಂದು. ಇವೆಲ್ಲ ಯಾರೋ ಹಾಗೆ ಕಟ್ಟಿಬಂದವು. ಇದರಲ್ಲಿ ಕಳೆದದ್ದು ಸಿಗದು ಎಂದಿದೆ. ಇದರಲ್ಲಿ ಕಾಯುತ್ತಿರುವವರು ಬಾರರು ಎಂದಿದೆ. ಇದರಲ್ಲಿ ಕಾಯಿಲೆ ಬಹುದಿನ ಎಂದಿದೆ. ಇವನ್ನು ಬಿಚ್ಚಿ ತಂದವರು ಯಾರು ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ; ಹಾಲಿನಲ್ಲಿದ್ದ ತಲೆಗಳೆಲ್ಲ ಆಗಲೇ ಒಂದು ಕಡೆಗೆ ತಿರುಗಿದ್ದವು.

ಅರಸೀಕೆರೆಯ ನೆನಪಿನ ಶಕ್ತಿ ಅಸಾಧಾರಣವೆಂಬುದು ಆ ದಿನ ಪ್ರಕಟವಾಯಿತು. ಹುಚ್ಚಣ್ಣನಿಗೆ ನುಸಿ ಪಕ್ಕದ ಮರಕ್ಕೆ ಹೋಗಿ, ಮರಿ ಹಾಕಿ, ತಿರುಗಿ ಬಂದದ್ದು ನೆನಪಾಯಿತು. ಇನ್ಸ್‌ಪೆಕ್ಟರಿಗೆ ವರ್ಗ ನಿಂತದ್ದೇ ಕೆಟ್ಟದ್ದಾಯಿತು, ಬೇಲೂರಿನಲ್ಲಿ ಸರ್ಕಾರಿ ಮನೆ ಸಿಗುತ್ತಿತ್ತು ಎನ್ನಿಸಿತು. ಭಾಗಮ್ಮ ಹಿಟ್ಟಿನಪಟ್ಟಿಯ ಕೈಯನ್ನು ಮೇಲೆತ್ತಿ, ಅದನ್ನೇ ಸಾಕ್ಷಿಯಾಗಿ ಎಲ್ಲ ಸಾಲುಗಳಿಗೂ ತೋರಿಸಿದಳು. ಪಾಚಿಯ ಮಾತು ಯಾರೂ ಎತ್ತಲಿಲ್ಲ. ಒಬ್ಬರ ಮಗಳ ಸಂಬಂಧ ಮುರಿದದ್ದು, ಒಬ್ಬರ ಬೋರ್‌ವೆಲ್ಲಿನ ಮೋಟಾರು ಸುಟ್ಟದ್ದು, ಒಬ್ಬರ ಅಜ್ಜಿ ತೊಂಬತ್ತೊಂದನೆಯ ವಯಸ್ಸಿನಲ್ಲಿ ಅಕಾಲ ಮರಣಕ್ಕೆ ಈಡಾದದ್ದು ಎಲ್ಲವೂ ಚಕ್ಕುಲಿ ಡಬ್ಬದಿಂದ ಬಂದವೇ. ಚೀಟಿ ಬರುವ ಮುಂಚೆಯೇ ಮೋಟಾರು ಸುಟ್ಟಿತ್ತೆಂದು ಒಬ್ಬರು ಹೇಳಲು ಹೋದರು. ಅವರನ್ನು ಕೂರಿಸಿದರು. ಮಠದಿಂದ ಮಧ್ಯಾಹ್ನವೇ ಹೇಳಿಕೆ ಬಂತು: ಸ್ವಾಮಿಗಳು ಆ ಕಾಗದವನ್ನು ಬಿಚ್ಚಿಯೇ ನೋಡಿರಲಿಲ್ಲ, ಆದಕಾರಣ ಮಠಕ್ಕೆ ಏನೂ ತಟ್ಟಿಲ್ಲ.

ಏಕಾಂತಯ್ಯನವರು ಎದ್ದು ನಿಂತು, ಪ್ರಸಾದ ಅಂದುಕೊಂಡೆ ಎಂದರು. ಅದನ್ನೇ ಮೂರು ಸಲ ಹೇಳಿದರು.

"ಅಲ್ಲ ಕಣಪ್ಪಾ," ಎಂದಳು ಹನುಮಮ್ಮ, ಬೈಯುವ ದನಿಯಲ್ಲಲ್ಲ, ಲೆಕ್ಕ ಕೇಳುವ ದನಿಯಲ್ಲೂ ಅಲ್ಲ, ಕೆಲಸ ಕಲಿಸುವ ದನಿಯಲ್ಲಿ. "ನಾವು ಕಾಯಿ ಒಂದೊಂದೂ ಕಿವೀತಾವ ಕುಲುಕಿ ನೋಡಿ, ಕೊಳೆತಿದ್ದು ಆಕಡೀಕ್ಕೆ ಎಸೀತೀವಿ. ನೀನು ಅವರು ಎಸೆದಿದ್ನೇ ಮೂಟೆ ಕಟ್ಕಂಡು ಬಂದಲ್ಲಪ್ಪಾ. ದೇವ್ರು ದೊಡ್ಡೋನು, ನಂಗೆ ಅರ್ಧನೇ ಕೊಟ್ಟೆ."

ಮಿಚಿಕೊ ಎದ್ದು ಏಕಾಂತಯ್ಯನವರ ಮುಂದೆ ಬಂದು ಎಲ್ಲರಿಗಿಂತ ಹೆಚ್ಚು ಬಗ್ಗಿದಳು. ತಪ್ಪು ತನ್ನದೇ ಎಂಬಷ್ಟು ಹೊತ್ತು ಬಗ್ಗಿಯೇ ಇದ್ದಳು. ಚೀಟಿಗಳನ್ನೆಲ್ಲ ಕೊಟ್ಟರೆ ತಾನೇ ಒಯ್ದು ಆ ಗುಡಿಯಲ್ಲಿ ಕಟ್ಟುತ್ತೇನೆಂದು ಹೇಳಿದಳು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಅತಿಥಿಯ ಕೈಗೆ ಕೆಟ್ಟದ್ದನ್ನು ಕೊಡುವುದು ನಮ್ಮ ಸಂಪ್ರದಾಯವಲ್ಲವೆಂದು ಹಿರಿಯರು ಅಡ್ಡಬಂದರು. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಸುಡಲು ಭಯ, ಕೆರೆಗೆ ಹಾಕಿದರೆ ಊರೆಲ್ಲ ಕುಡಿಯುವ ನೀರು. ತಿರುಗಿ ಕಟ್ಟೋಣವೆಂದರೆ ಅಂಥ ಗುಡಿಯ ಬಾಗಿಲು ಇಲ್ಲೆಲ್ಲಿ ತರೋಣ ಎಂದು ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡಾಗ ಚನ್ನೇಶ ಉಪಕಾರ ಮಾಡುವವನ ಹಾಗೆ ಹೇಳಿದ: "ನಮ್ ಮಾವನ ಮನೆ ಮುಂದೇನೇ ಐತಲ್ಲ ಸಾರ್."

ಸಂಜೆಯೊಳಗೆ ನಲವತ್ತಮೂರೂ, ಎರಡು ಅರ್ಧಗಳು ಬೇರೆಬೇರೆಯಾಗಿ, ಏಕಾಂತಯ್ಯನವರ ಕೆಂಪು ಬಾಗಿಲಿಗೆ ಬಂದು ಕಟ್ಟಿಕೊಂಡವು. ಜನ ಬರುವಾಗ ಚಪ್ಪಲಿ ಬಿಟ್ಟು ಬಂದರು, ಹೋಗುವಾಗ ಹಿಂತಿರುಗಿ ನೋಡದೆ ಹೋದರು. ಜಲ್ಲಿಯ ಮೇಲೆ ಎಳೆದ ಗೆರೆ ಒಂದೂ ಉಳಿಯಲಿಲ್ಲ.

ಚುನಾವಣೆಯ ದಿನ ಏಕಾಂತಯ್ಯನವರು ಎಂದಿನಂತೆ ಬೇಗ ಹೋಗಿ ಕುರ್ಚಿ ಹಾಕಿಸಿದರು. ತಿರುಗುವ ಕುರ್ಚಿಯ ಧೂಳನ್ನು ಒರೆಸಲು ಹೋದಾಗ ಜವಾನ ನಯವಾಗಿಯೇ ಬಟ್ಟೆ ಕಿತ್ತುಕೊಂಡು, ಅದನ್ನು ನೀವು ಮುಟ್ಟಬೇಡಿ ಅಂತ ಹೇಳಿದಾರೆ ಎಂದ. ಬಿಟ್ಟುಕೊಡಲು ಚನ್ನಬಸವಯ್ಯನವರಿಗೆ ಈಗಲೂ ಮನಸ್ಸಿತ್ತು. ಆದರೆ ಕೂತ ಜಾಗ ಕದಲದು ಎಂದು ಪರದೇಶದ ದೇವರೇ ಬರೆದು ಕಳಿಸಿರುವಾಗ ತಾವು ಅದನ್ನು ಮೀರುವುದು ಹೇಗೆಂದು ಅವರು ಸಭೆಯನ್ನೇ ಕೇಳಿದರು. ಸೂಚಕರಾಗಿ ಯಾರು ಎಂಬ ಪ್ರಶ್ನೆ ಬಂದಾಗ ಅವರು ದೊಡ್ಡ ಮನಸ್ಸಿನಿಂದ ಹಿಂದಿನ ಸಾಲಿಗೆ ಕೈ ತೋರಿಸಿದರು. "ಚೀಟಿ ತಂದ್ಕೊಟ್ಟೋರೇ ಹೆಸರೂ ಹೇಳ್ಲಿ."

ಏಕಾಂತಯ್ಯನವರು ಎದ್ದು ಹೆಸರು ಹೇಳಿದರು. ಅವಿರೋಧ ಆಯ್ಕೆ. ಅವರು ಕೂರುವಾಗ ಕುರ್ಚಿ ಅಲ್ಲಾಡಿತು. ರಟ್ಟಿನ ಚೂರು ಹಾಕಿಕೊಳ್ಳುವುದು ಆ ದಿನ ಮರೆತಿತ್ತು.

ಕೆಂಪು ಬಾಗಿಲನ್ನು ಕಿತ್ತುಹಾಕಲು ಅವರು ಎರಡು ಸಲ ಆಳು ಕರೆಸಿದರು. ಕಂಬ ಮುಟ್ಟಲು ಆಳುಗಳು ಒಪ್ಪಲಿಲ್ಲ. ಒಂದು ವಾರದಲ್ಲಿ, ಚೀಟಿಯನ್ನೇ ಪಡೆಯದಿದ್ದವರೂ ಬರತೊಡಗಿದರು. ಮಾದಿಹಳ್ಳಿಯಿಂದ ಹಸುವಿನ ಕೆಚ್ಚಲು ಬತ್ತಿದವರು ಬಂದರು, ಗೆಂಡೆಹಳ್ಳಿಯಿಂದ ಪರೀಕ್ಷೆಯಲ್ಲಿ ಫೇಲಾದವರು ಬಂದರು. ಕ್ಯಾಲೆಂಡರಿನ ಹಿಂದೆ, ಬಸ್ ಟಿಕೆಟಿನ ಹಿಂದೆ, ಔಷಧದ ಚೀಟಿಯ ಹಿಂದೆ ತಮ್ಮ ತಮ್ಮ ಕೆಟ್ಟದ್ದನ್ನು ಬರೆದು, ಮಡಿಸಿ, ಗಂಟು ಹಾಕಿ ಹೋದರು. ಮಾತಾಡಿಸುವವರಿಲ್ಲ. ಬಾಗಿಲಿನ ಹಿಂದೆ ಮನೆಯಿತ್ತು, ಮನೆಯಲ್ಲಿ ಮನುಷ್ಯನಿದ್ದ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಒಂದು ಮಧ್ಯಾಹ್ನ ಅಧ್ಯಕ್ಷರ ಜೀಪು ಕೂಡ ಬಂದು ನಿಂತಿತು. ಚನ್ನಬಸವಯ್ಯನವರು ಇಳಿದು, ಅತ್ತಿತ್ತ ನೋಡಿ, ಮೇಲಿನ ತೊಲೆಗೆ ಏನನ್ನೋ ಕಟ್ಟಿ, ಕೈಕೊಡವಿಕೊಂಡು ಹತ್ತಿ ಹೋದರು. ದೊಡ್ಡ ಶುಭ ಇದ್ದವರಿಗೂ ಬಿಟ್ಟುಹೋಗುವುದಕ್ಕೆ ಏನಾದರೂ ಇರುತ್ತದೆ.

ದಿನ ಬೆಳಗಾದರೆ ಏಕಾಂತಯ್ಯನವರು ಒಳಗಿನಿಂದ ಮರದ ಕುರ್ಚಿಯೊಂದನ್ನು ತಂದು ಬಾಗಿಲ ಕೆಳಗೆ ಹಾಕಿಕೊಂಡು, ಅದರ ಮೇಲೆ ಹತ್ತಿ, ಹಿಂದಿನ ದಿನ ಬಂದದ್ದನ್ನೆಲ್ಲ ಬಿಚ್ಚಿ, ಓದದೆ, ನೀರೊಲೆಗೆ ಹಾಕಲು ಬುಟ್ಟಿಗೆ ತುಂಬುತ್ತಿದ್ದರು. ಗಂಟು ಬಿಚ್ಚುವುದರಲ್ಲಿ ಅವರಿಗೆ ಮೊದಲೇ ಅಭ್ಯಾಸವಾಗಿತ್ತು. ಬಸಮ್ಮ ಬಚ್ಚಲ ಪಾಚಿಯನ್ನು ಕರಕರ ಕೆರೆಯುತ್ತ ಅದನ್ನು ನೋಡುತ್ತಿದ್ದರು.

"ಅಂತೂ ಒಂದು ಕುರ್ಚಿ ಸಿಕ್ತಲ್ಲ ಬಿಡಿ" ಎಂದರು ಒಂದು ದಿನ.

ಯುಗಾದಿಯ ಮಾರನೆಯ ಬೆಳಿಗ್ಗೆ ಏಕಾಂತಯ್ಯನವರು ಮೇಲಿನ ತೊಲೆಯನ್ನು ಮುಗಿಸಿ ಕೆಳಗಿಳಿದು ನೋಡಿದರೆ, ಎಡಗಂಬದ ಬುಡದಲ್ಲಿ, ದಾರಿಹೋಕರು ಯಾರೂ ಬಗ್ಗದಷ್ಟು ಕೆಳಗೆ, ಒಂದು ಚೀಟಿಯಿತ್ತು. ಕಾಗದ ಸ್ವಾತಿಯ ನೋಟ್‌ಬುಕ್ಕಿನದು. ಕಟ್ಟಿದ್ದು ಬಾಳೆನಾರಿನಲ್ಲಿ, ಹೂ ಕಟ್ಟುವ ಗಂಟು. ಮೂವತ್ತು ವರ್ಷದಿಂದ ದಿನವೂ ಲಿಂಗಪೂಜೆಗೆ ಬಸಮ್ಮ ಕಟ್ಟಿಕೊಟ್ಟ ಹೂವಿನಲ್ಲಿ ಅವರು ಬಿಚ್ಚುತ್ತಿದ್ದ ಗಂಟು. ಬಚ್ಚಲಲ್ಲಿ ಕರಕರ ಸದ್ದು ನಿಂತಿತ್ತು.

ಏಕಾಂತಯ್ಯನವರು ಕೈ ಚಾಚಿದರು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಂಡು, ಕುರ್ಚಿಯನ್ನೂ ಬುಟ್ಟಿಯನ್ನೂ ಎತ್ತಿಕೊಂಡು, ಪಕ್ಕದಿಂದ ಹೋಗಬಹುದಾಗಿದ್ದರೂ ಆ ಬಾಗಿಲಿನೊಳಗಿಂದಲೇ, ತಲೆ ಬಗ್ಗಿಸಿ ಒಳಗೆ ಹೋದರು.